ದೊರೆಸಾನಿಯ ಮಂಗಳವಾರಗಳು

ಏಪ್ರಿಲ್ 28, ಸೋಮವಾರ

ಈ ಡೈರಿ ಹೋದ ವರ್ಷದ್ದು. ಮೇವಿನ ಅಂಗಡಿಯವರು ಪುಕ್ಕಟೆ ಕೊಟ್ಟಿದ್ದರು, ಒಂದು ಪುಟವೂ ಬರೆದಿರಲಿಲ್ಲ. ವಾರಗಳು ಒಂದು ದಿನ ಹಿಂದಿವೆ. ಅವನ್ನು ಹೊಡೆದುಹಾಕಿ ಮೇಲೆ ಸರಿಯಾದದ್ದು ಬರೆದಿದ್ದೇನೆ. ನನ್ನ ಪಾಡಿಗೆ ನಾನು ಗೀಚಿಕೊಳ್ಳುವುದಕ್ಕೆ ಇಷ್ಟು ಸಾಕು. ಅಡುಗೆಮನೆಯ ಕಿಟಕಿಗೆ ದಾರದಲ್ಲಿ ಕಟ್ಟಿರುವ ನೋಟ್‌ಪುಸ್ತಕ ಬೇರೆ. ಅದು ಅಕ್ಕ ಹೇಝಲ್‌ಳದು.

ಬೆಳಿಗ್ಗೆ ಎಂಟಕ್ಕೆ ಗ್ವೆನ್ ಕಾರು ತಂದು ಹೇಝಲ್‌ಳನ್ನು ಹೋಬಾರ್ಟ್ ನಗರಕ್ಕೆ ಕರೆದುಕೊಂಡು ಹೋದಳು. ಗ್ವೆನ್ ಪಕ್ಕದ ಜಮೀನಿನವಳು, ಶಾಲೆಯಲ್ಲಿ ನನ್ನ ಬೆಂಚಿನಲ್ಲೇ ಕೂತವಳು. ಆಸ್ಪತ್ರೆಯ ಪಕ್ಕದ ವಸತಿಗೃಹದಲ್ಲಿ ಅಕ್ಕನಿಗೊಂದು ಕೋಣೆ ಸಿಕ್ಕಿದೆ. ಹನ್ನೆರಡು ವಾರ, ಪ್ರತಿ ಮಂಗಳವಾರ, ಕೈಯ ರಕ್ತನಾಳಕ್ಕೆ ಔಷಧಿ ಹನಿಸುತ್ತಾರೆ. ಎದೆಯಲ್ಲಿದ್ದ ಗಂಟನ್ನು ಮಾರ್ಚಿನಲ್ಲೇ ತೆಗೆದರು. ಅಲ್ಲಿ ಇಲ್ಲಿ ಏನಾದರೂ ಉಳಿದಿದ್ದರೆ ಸಾಯಲಿ ಅಂತ ಈ ಔಷಧಿ.

ಹೋಗುವುದಿಲ್ಲ ಅಂತ ಎರಡು ವಾರ ಹಟ ಹಿಡಿದಿದ್ದಳು. ನಾನು ಹೇಗೆ ಬೇಯಿಸಿಕೊಂಡು ತಿನ್ನುತ್ತೇನೆ ಅನ್ನುವ ಚಿಂತೆಯಿಂದಲ್ಲ, ಕುರಿಗಳ ಚಿಂತೆಯಿಂದಲೂ ಅಲ್ಲ. ಒಂದು ವೊಂಬ್ಯಾಟ್‌ಗೋಸ್ಕರ. ಹಂದಿಯಷ್ಟು ದಪ್ಪ, ಕರಡಿಮರಿಯ ಮೂತಿ, ಸನಿಕೆಯಂಥ ಉಗುರು. ನನ್ನ ಬೇಲಿಯ ಕೆಳಗೆಲ್ಲ ತೋಡಿ ಹಾಳು ಮಾಡುವ ಜಾತಿ. ಈ ಒಂದಕ್ಕೆ ಕಜ್ಜಿ ಹತ್ತಿದೆ. ಕಜ್ಜಿ ಹತ್ತಿದರೆ ಮೈಯೆಲ್ಲ ಹಕ್ಕಳೆಗಟ್ಟಿ, ಕಣ್ಣು ಕಿವಿ ಮುಚ್ಚಿಹೋಗಿ, ಮೇಯಲಾರದೆ ಸಾಯುತ್ತವೆ. ಹೇಝಲ್ ಅದಕ್ಕೆ ದೊರೆಸಾನಿ ಅಂತ ಹೆಸರಿಟ್ಟಿದ್ದಾಳೆ.

ಕಾರು ಹತ್ತುವಾಗ ನನ್ನ ಕಾಲರ್ ಹಿಡಿದುಕೊಂಡಳು. “ಲೋ ಲಿಂಡ್, ಅದಕ್ಕೂ ಹನ್ನೆರಡು ಮಂಗಳವಾರ ಔಷಧಿ, ನಂಗೂ ಹನ್ನೆರಡು. ನೀನು ಅದರದ್ದು ಒಂದೂ ತಪ್ಪಿಸಬೇಡ, ನಾನು ನಂದು ತಪ್ಪಿಸಲ್ಲ. ಅದೇನಾದ್ರೂ ಸತ್ತರೆ ಬ್ಯಾಗ್ ತಗೊಂಡು ಮನೆಗೆ ಬಂದ್ಬಿಡ್ತೀನಿ. ಮಾತು ಅಂದ್ರೆ ಮಾತು.”

“ಮಣ್ಣು ತೋಡೋ ಹಂದಿಗೂ ನಿಂಗೂ ಏನು ಸಂಬಂಧ?”

“ನಿಂಗೂ ನಂಗೂ ಏನು ಸಂಬಂಧವೋ ಅದೇ. ಸುಮ್ನೆ ಹೇಳಿದಷ್ಟು ಮಾಡು.”

ಎಪ್ಪತ್ತು ಅವಳಿಗೆ, ನನಗೆ ಅರವತ್ತಾರು. ಇಬ್ಬರೂ ಮದುವೆಯಾಗಲಿಲ್ಲ, ಇಬ್ಬರೇ ಈ ಕುರಿಗಳನ್ನು ನೋಡಿಕೊಂಡು ಬಂದಿದ್ದೇವೆ. ಜಗಳಕ್ಕೆ ಇನ್ನೊಬ್ಬರು ಬೇಕಾಗಿಯೇ ಇರಲಿಲ್ಲ. ಮನೆ ಇವತ್ತು ಬಹಳ ಸದ್ದಿಲ್ಲದೆ ಇದೆ.

ಏಪ್ರಿಲ್ 29, ಮಂಗಳವಾರ

ಹಳ್ಳದ ದಂಡೆಯ ಬಿಲಕ್ಕೆ ಹೋಗಿ ಬಂದೆ. ಬಿಲದ ಬಾಯಿಗೆ ತಂತಿಯ ಚೌಕಟ್ಟು ನಿಲ್ಲಿಸಿ ಐಸ್‌ಕ್ರೀಂ ಡಬ್ಬಿಯ ಮುಚ್ಚಳವನ್ನು ಬಾಗಿಲಿನ ಹಾಗೆ ನೇತುಹಾಕಿದ್ದಾಳೆ. ಅದಕ್ಕೊಂದು ಬಾಟಲಿಯ ಬಿರಡೆ ಅಂಟಿಸಿದೆ. ಬಿರಡೆಗೆ ಔಷಧಿ ತುಂಬಿಟ್ಟರೆ, ಪ್ರಾಣಿ ತಳ್ಳಿಕೊಂಡು ಹೊರಬರುವಾಗ ಬಿರಡೆ ವಾಲಿ ಬೆನ್ನ ಮೇಲೆ ಸುರಿಯುತ್ತದೆ. ಔಷಧಿಯೂ ಬೇರೆಯದಲ್ಲ, ದನಗಳ ಹೇನಿಗೆ ಹಾಕುವುದೇ. ಬಿಲದ ಎದುರು ಮಂಡಿಯೂರಿ ಕೂತು ಚಮಚದಲ್ಲಿ ಔಷಧಿ ಅಳೆದೆ. ಅಪ್ಪ ನೋಡಿದ್ದರೆ ನಾಯಿಯನ್ನು ಛೂ ಬಿಡುತ್ತಿದ್ದ.

ಸಂಜೆ ಆರಕ್ಕೆ ಫೋನು. “ಹಾಕಿದ್ರು ಕಣೋ. ಮೂರು ಗಂಟೆ ಹಿಡೀತು. ಕುರ್ಚಿ ಚೆನ್ನಾಗಿದೆ, ಬಿಸ್ಕತ್ತು ಚೆನ್ನಾಗಿಲ್ಲ.”

ನನ್ನದೂ ಹಾಕಿಯಾಯಿತು ಅಂದೆ.

ಮೇ 2, ಶುಕ್ರವಾರ

ಸಿಕ್ಕಿಬಿದ್ದೆ. ದಿನಾ ಜಮೀನು ಸುತ್ತಿ ಕಂಡ ಪ್ರಾಣಿ ಪಕ್ಷಿಗಳನ್ನು ಆ ಕಿಟಕಿಯ ನೋಟ್‌ಪುಸ್ತಕದಲ್ಲಿ ಬರೆದು ಸಂಜೆ ಫೋನಿನಲ್ಲಿ ಓದಬೇಕು ಅನ್ನುವುದು ಅವಳ ಅಪ್ಪಣೆ. ಮೇ ಬಂತೆಂದರೆ ಇಲ್ಲಿ ಚಳಿಗಾಲ ಶುರು, ಆ ಚಳಿಗೆ ಯಾರು ಸುತ್ತುತ್ತಾರೆ? ಒಲೆಯ ಪಕ್ಕ ಕೂತು ಹಳೆಯ ಪುಟಗಳಿಂದ ಆರಿಸಿ ಬರೆದೆ.

“ವಾಲಬಿ ನಾಲ್ಕು. ಟಿಟ್ಟಿಭ ಎರಡು. ನೀರುಕೋಳಿ ಆರು. ಕವಲುಬಾಲದ ಹಕ್ಕಿ ಎರಡು, ಕೊಟ್ಟಿಗೆ ಸೂರಿನಲ್ಲಿ.”

“ಕವಲುಬಾಲದ್ದಾ?”

“ಹೂಂ. ಹಾರಾಡ್ತಿದ್ವು.”

“ಅವು ಸಮುದ್ರ ದಾಟಿ ಉತ್ತರಕ್ಕೆ ಹೋಗಿ ಎಷ್ಟು ದಿನ ಆಯ್ತು! ಟೋಪಿ ಮರೆತು ಹೋಗಿದ್ವು ಅಂತ ವಾಪಸ್ ಬಂದಿದ್ವಾ?”

ನಾನು ಕೆಮ್ಮಿದೆ.

“ಬೇಸಿಗೆಯ ಪುಟ ನೋಡಿ ಕಾಪಿ ಹೊಡೆದಿದೀಯ. ಶಾಲೇಲೂ ಹಿಂಗೇ ಮಾಡ್ತಿದ್ದೆ, ಅಲ್ಲೂ ಬರ್ತಿರಲಿಲ್ಲ ನಿಂಗೆ.”

“ಚಳಿ ಹೇಝಲ್.”

“ಕಣ್ಣಾರೆ ಕಂಡಿದ್ದು ಮಾತ್ರ ಬರಿ. ಏನೂ ಕಾಣ್ಲಿಲ್ವಾ, ಏನೂ ಕಾಣ್ಲಿಲ್ಲ ಅಂತ ಬರಿ. ನಾನಿಲ್ಲಿ ದಿನವಿಡೀ ಗೋಡೆ ನೋಡ್ಕೊಂಡು ಕೂತಿರ್ತೀನಿ. ನಂಗೆ ಸುಳ್ಳು ಹಕ್ಕಿ ಬೇಡ.”

ಕೊನೆಯ ಮಾತನ್ನು ಬೈಯುವ ಹಾಗೆ ಹೇಳಲಿಲ್ಲ. ಅದೇ ಚುಚ್ಚಿತು.

ಮೇ 3, ಶನಿವಾರ

ಏನೂ ಕಾಣಲಿಲ್ಲ. ಹಾಗೆಯೇ ಬರೆದೆ, ಹಾಗೆಯೇ ಓದಿದೆ. “ಚೆನ್ನಾಗಿದೆ” ಅಂದಳು.

ಮೇ 6, ಮಂಗಳವಾರ

ಕಣಿವೆ ತುಂಬ ಮಂಜು. ಬೇಲಿಯ ಕಂಬಗಳು ಮೂರರ ಆಚೆ ಕಾಣುವುದಿಲ್ಲ. ಕುರಿಗಳ ಕೆಮ್ಮು ಮಾತ್ರ ಕೇಳುತ್ತದೆ, ಕುರಿ ಇಲ್ಲ. ಬಿಲದ ಹತ್ತಿರ ಹೋದರೆ ಬಿರಡೆ ಖಾಲಿ. ದಾಟಿದೆ. ನಲವತ್ತೆಂಟು ವರ್ಷ ಗೇಟಿನಲ್ಲಿ ನಿಂತು ಕುರಿ ಎಣಿಸಿದವನು ನಾನು, ಗೇಟು ದಾಟಿತು ಅಂದರೆ ಒಂದು. ಇದಕ್ಕಿಂತ ಸಾಕ್ಷಿ ಬೇಡ. ಮತ್ತೆ ತುಂಬಿಸಿದೆ.

ಬರುವಾಗ ಮಂಜಿನೊಳಗಿಂದ ಒಂದು ವಾಲಬಿ ಗಿಡ್ಡ ಕಾಂಗರೂವಿನ ಹಾಗೆ ಎದ್ದು ನಿಂತು ನನ್ನನ್ನು ನೋಡಿತು. ಹೊಟ್ಟೆಯ ಚೀಲದಿಂದ ಮರಿಯ ಒಂದು ಕಾಲು ಹೊರಗೆ ಬಂದಿತ್ತು, ತಲೆ ಎಲ್ಲಿದೆಯೋ. ಮೂವರೂ ಸ್ವಲ್ಪ ಹೊತ್ತು ಹಾಗೇ ಇದ್ದೆವು. ಆಮೇಲೆ ಮಂಜು ಸರಿದಾಗ ಅಲ್ಲಿ ಯಾರೂ ಇರಲಿಲ್ಲ.

ಹೇಝಲ್‌ಗೆ ಎರಡನೆಯದನ್ನು ಹಾಕಿದರಂತೆ. ಬಾಯೆಲ್ಲ ತಗಡಿನ ರುಚಿ ಅಂದಳು. ವಾಲಬಿಯ ಮರಿಯ ಕಾಲಿನ ವಿಷಯವನ್ನು ಎರಡು ಸಲ ಹೇಳಿಸಿಕೊಂಡಳು.

ಮೇ 9, ಶುಕ್ರವಾರ

ಕೆರೆಯಲ್ಲಿ ಬಾತುಕೊಕ್ಕಿನ ಪ್ಲಾಟಿಪಸ್. ಮುಳುಗಿದರೆ ಉಂಗುರ, ಎದ್ದರೆ ಉಂಗುರ. ಎಷ್ಟು ಉಂಗುರ ಅಂತ ನೋಡುತ್ತ ನಿಂತೆ. ಫ್ಲಾಸ್ಕಿನಿಂದ ಬಗ್ಗಿಸಿದ ಟೀ ಕೈಯಲ್ಲೇ ತಣ್ಣಗಾಗಿತ್ತು. ಬೇಲಿಯ ತಂತಿ ಬಿಗಿಯುವ ಕೆಲಸ ನಾಳೆ.

ಮೇ 10, ಶನಿವಾರ

ತಂತಿ ನಾಳೆ.

ಮೇ 13, ಮಂಗಳವಾರ

ಬಿರಡೆ ಖಾಲಿ, ಮತ್ತೆ ತುಂಬಿಸಿದೆ. ಇದು ಮೂರನೆಯದು. ನನ್ನ ಕೆಲಸ ಗಡಿಯಾರದ ಹಾಗೆ ನಡೆದಿದೆ ಅಂತ ಫೋನಿನಲ್ಲಿ ಜಂಬ ಕೊಚ್ಚಿಕೊಂಡೆ.

“ನಿಂದು?”

“ಹೋಗಿ ಬಂದೆ,” ಅಂದಳು. “ಇವತ್ತು ಏನೇನು ಕಂಡೆ, ಓದು.”

ಕೆಂಪೆದೆಯ ರಾಬಿನ್ ಮೂರು, ಬೆಟ್ಟದಿಂದ ಚಳಿಗೆ ಇಳಿದು ಬಂದಿವೆ. ಒಂದೊಂದು ಕಂಬಕ್ಕೆ ಒಂದೊಂದು. ನಾನು ಮುಂದಿನ ಕಂಬಕ್ಕೆ ಹೋದರೆ ಒಂದು ರಾಬಿನ್ ಅದರ ಮುಂದಿನದಕ್ಕೆ. ಬೇಲಿಯ ಕೊನೆಯವರೆಗೂ ನನ್ನನ್ನು ಕರೆದುಕೊಂಡು ಹೋಯಿತು. ಓದಿ ಮುಗಿಸಿದ ಮೇಲೂ ಅವಳು ಫೋನು ಇಡಲಿಲ್ಲ. “ಇನ್ನೊಂದು ಸಲ ಓದು,” ಅಂದಳು.

ಮೇ 17, ಶನಿವಾರ



ಸೂರ್ಯ ಇಳಿಯುವ ಹೊತ್ತಿಗೆ ಹಳ್ಳದ ದಂಡೆಯಲ್ಲಿ ಸುಮ್ಮನೆ ಕೂತಿದ್ದೆ. ಕೂರುವ ಕೆಲಸವೇನೂ ಇರಲಿಲ್ಲ. ಮುಚ್ಚಳದ ಬಾಗಿಲು ಅಲ್ಲಾಡಿತು. ಹೊರಗೆ ಬಂದದ್ದು ದೊರೆಸಾನಿಯಲ್ಲ. ದುಂಡಗೆ, ಬೂದುಬಣ್ಣದ ದಟ್ಟ ಕೂದಲು, ಕುರಿಯಾಗಿದ್ದರೆ ಜಾತ್ರೆಯಲ್ಲಿ ಬಹುಮಾನ ಹೊಡೆಯುವ ಮೈ. ಆರಾಮವಾಗಿ ಮೈ ಕೊಡವಿಕೊಂಡು ಮೇಯಲು ಹೋಯಿತು. ಸ್ವಲ್ಪ ಹೊತ್ತಿಗೆ ಹಿಂದಿನಿಂದ ಇನ್ನೊಂದು, ಚಿಕ್ಕದು, ಅದೂ ಗಟ್ಟಿಮುಟ್ಟು.

ಮೂರು ವಾರ ನಾನು ಎಣಿಸಿದ್ದು ಬಾಗಿಲನ್ನು. ದಾಟಿದವರು ಯಾರು ಅಂತ ನೋಡಲೇ ಇಲ್ಲ. ಕುರಿದೊಡ್ಡಿಯಲ್ಲಿ ಯಾವ ಕುರಿಯಾದರೂ ಕುರಿಯೇ, ಒಂದು ದೊಡ್ಡಿಗೆ ಒಂದು ಗೇಟು. ಬಿಲವನ್ನೂ ದೊಡ್ಡಿ ಅಂದುಕೊಂಡೆ. ಇವು ಇವತ್ತು ಈ ಬಿಲ, ನಾಳೆ ಆ ಬಿಲ ಅಂತ ತಿರುಗುವ ಪ್ರಾಣಿಗಳು. ಹೇಝಲ್ ಹೇಳಿಯೂ ಇದ್ದಳೋ ಏನೋ, ನಾನು ಕೇಳಿಸಿಕೊಂಡಿರಲಿಕ್ಕಿಲ್ಲ. ಬಿಲದ ಎದುರು ಕೂತು ನೋಡು ಅಂತ ಅವಳು ನೋಟ್‌ಪುಸ್ತಕ ಕೊಟ್ಟದ್ದು ಅದಕ್ಕೇ ಇರಬೇಕು.

ಆರಕ್ಕೆ ಫೋನು ಬಂತು. ಇದೊಂದನ್ನು ಬಿಟ್ಟು ಉಳಿದದ್ದನ್ನು ಓದಿದೆ.

ಮೇ 18, ಭಾನುವಾರ

ದೊರೆಸಾನಿ ಸಿಕ್ಕಿತು. ಉಣ್ಣೆ ಕತ್ತರಿಸುವ ಶೆಡ್ಡಿನ ಹಿಂದಿನ ಹಳೆಯ ಮೋರಿಯ ಬಾಯಲ್ಲಿ, ಮಟಮಟ ಮಧ್ಯಾಹ್ನ, ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು. ಆರೋಗ್ಯವಾಗಿರುವ ವೊಂಬ್ಯಾಟ್ ಹಗಲು ಹೊರಗೆ ಬರುವುದಿಲ್ಲ. ಪಕ್ಕೆಯಲ್ಲಿ ಕೂದಲಿಲ್ಲ, ಒಡೆದ ಹಕ್ಕಳೆ. ಒಂದು ಕಣ್ಣು ಪೂರ್ತಿ ಮುಚ್ಚಿದೆ. ಹುಲ್ಲು ಎಲ್ಲಿದೆ ಅಂತ ಮೂಗಿನಿಂದ ಹುಡುಕುತ್ತಿತ್ತು. ನನ್ನ ಕಾಲಿನ ಸದ್ದಿಗೆ ತಡವರಿಸಿ ಒಳಗೆ ನುಗ್ಗಿತು.

ಆ ಮೋರಿ ನನಗೆ ಗೊತ್ತು. ಹದಿನಾಲ್ಕು ವರ್ಷ ನನಗೆ. ಅಪ್ಪ ಕಲ್ಲು ಎತ್ತಿಕೊಟ್ಟ, ನಾನು ಮೋರಿಯ ಬಾಯಿಗಳನ್ನು ಮುಚ್ಚಿದೆ. ಒಳಗೆ ಒಂದು ವೊಂಬ್ಯಾಟ್ ಇತ್ತು ಅಂತ ಇಬ್ಬರಿಗೂ ಗೊತ್ತಿತ್ತು. ಸಂಜೆ ಹೇಝಲ್ ಹೋಗಿ ಕಲ್ಲುಗಳನ್ನು ಒಂದೊಂದಾಗಿ ಕಿತ್ತುಹಾಕಿದಳು. ಉಗುರು ಕಿತ್ತುಹೋಗಿತ್ತು, ಹಾಗೇ ಬಂದು ಊಟಕ್ಕೆ ಕೂತಳು. ಅಪ್ಪ ಒಂದು ವಾರ ಯಾರ ಹತ್ತಿರವೂ ಮಾತಾಡಲಿಲ್ಲ. ನಾನೂ ಆ ವಿಷಯ ಎತ್ತಿಲ್ಲ, ಐವತ್ತೆರಡು ವರ್ಷ.

“ದೊರೆಸಾನಿ ಹೇಗಿದಾಳೆ?” ಅಂತ ಕೇಳಿದಳು ಇವತ್ತು.

“ಮೇಯ್ತಿದ್ದಾಳೆ,” ಅಂದೆ. ಅದು ಸುಳ್ಳಲ್ಲ. ನಿಜವೂ ಅಲ್ಲ.

ಮೇ 19, ಸೋಮವಾರ

ಗ್ವೆನ್ ಕುಂಬಳಕಾಯಿ ಹಾಕಿದ ಸ್ಕೋನ್ ಬನ್ನು ತಂದಿದ್ದಳು. ವೊಂಬ್ಯಾಟ್‌ಗಳ ಉಪಚಾರ ಹೇಝಲ್‌ಗೆ ಕಲಿಸಿಕೊಟ್ಟವಳೇ ಅವಳು. ಮೋರಿಯ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಮಂಡಿಯೂರಿ ಒಳಗೆ ಇಣುಕಿ ನೋಡಿ ಎದ್ದಳು.

“ಬಂದೂಕು ಇಟ್ಟಿದೀಯಲ್ಲ, ಲಿಂಡ್ಸೆ.”

“ಇಟ್ಟಿದೀನಿ.”

“ಕೆಲವು ಸಲ ಅದೇ ದಯೆ. ನಾನೇ ಎರಡಕ್ಕೆ ಮಾಡಿಸಿದೀನಿ.”

“ಹೇಝಲ್‌ಗೆ ಏನಂತ ಹೇಳ್ಲಿ?”

“ಇದ್ದದ್ದು ಹೇಳು.”

“ಹೇಳಿದ್ರೆ ಬ್ಯಾಗ್ ತಗೊಂಡು ಬರ್ತಾಳೆ. ನೀನು ಅವಳನ್ನ ನೋಡಿಲ್ವಾ? ಆಡಿದ ಮಾತು ಆಡಿದ್ದೇ. ಅವಳು ಬಂದ್ಬಿಟ್ರೆ...” ಗ್ವೆನ್ ಸ್ಕೋನಿನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು, ಹಿಡಿದುಕೊಳ್ಳಲು ಏನಾದರೂ ಇರಲಿ ಅಂತ.

“ಇನ್ನೊಂದು ದಾರಿ ಇದೆ,” ಅಂದಳು. “ಆ ಮೋರಿಗೆ ಮೂರು ಬಾಯಿ, ಬಾಗಿಲು ಕಟ್ಟೋಕಾಗಲ್ಲ. ಉದ್ದ ಕೋಲಿಗೆ ಸೌಟು ಕಟ್ಟಿ, ಮೇಯುವಾಗ ಬೆನ್ನ ಮೇಲೆ ಸುರೀಬೇಕು. ಗಾಳಿಗೆ ಎದುರಾಗಿ ಹೋಗ್ಬೇಕು, ಇಲ್ದಿದ್ರೆ ವಾಸನೆ ಸಿಗತ್ತೆ. ಬೆಳಗಿಂದ ಸಂಜೆವರೆಗೆ ಕೂರಬೇಕಾಗಬಹುದು. ನೀನು ಕೂರೋ ಗಿರಾಕಿನಾ? ನೀನು ನಡೆದ್ರೆ ಹೋಬಾರ್ಟಿಗೆ ಕೇಳತ್ತೆ.”

ಕೂರುತ್ತೇನೆ ಅಂದೆ. ಸೇಬು ಕೀಳುವ ಕೋಲು ಹುಡುಕಿ ಅದರ ತುದಿಗೆ ಹೇಝಲ್‌ಳ ಸೂಪ್ ಸೌಟು ಕಟ್ಟಿದ್ದೇನೆ. ಸೌಟಿನ ವಿಷಯ ಅವಳಿಗೆ ಹೇಳುವುದು ಬೇಡ.

ಮೇ 20, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ನೋಟ್‌ಪುಸ್ತಕದಲ್ಲೂ ಬರೆದಿದ್ದೇನೆ. ಕಣ್ಣಾರೆ ಕಂಡದ್ದು ಮಾತ್ರ.

ಬೆಳಿಗ್ಗೆ ಏಳಕ್ಕೆ ಶೆಡ್ಡಿನ ಹಿಂದೆ ಉಣ್ಣೆಯ ಗೋಣಿಚೀಲ ಹಾಸಿ ಕೂತೆ. ಮ್ಯಾಗ್‌ಳನ್ನು ಮನೆಯಲ್ಲಿ ಕಟ್ಟಿಹಾಕಿದ್ದೆ, ನಮ್ಮ ಕುರಿನಾಯಿ, ಅಲ್ಲಿಂದಲೇ ಒಂದು ಸಲ ಬೊಗಳಿ ಸುಮ್ಮನಾದಳು. ಹುಲ್ಲೆಲ್ಲ ಬೆಳ್ಳಗೆ ಹಿಮಗಟ್ಟಿತ್ತು. ವಾಲಬಿ ಮೂರು, ಮೈಯಿಂದ ಆವಿ ಏಳುತ್ತಿತ್ತು. ಬಿಸಿಲು ಬಿದ್ದಲ್ಲೆಲ್ಲ ಹುಲ್ಲು ಹಸಿರಾಗುತ್ತ ಬಂತು, ನೆರಳಿದ್ದಲ್ಲಿ ಬಿಳಿ ಉಳಿಯಿತು. ಶೆಡ್ಡಿನ ನೆರಳು ನೆಲದ ಮೇಲೆ ಬಿಳಿಯದಾಗಿಯೇ ಬಿದ್ದಿತ್ತು. ಇಷ್ಟು ವರ್ಷ ಇಲ್ಲೇ ಇದ್ದೂ ಅದನ್ನು ನೋಡಿರಲಿಲ್ಲ.

ಎಂಟರ ಹೊತ್ತಿಗೆ ಕಪ್ಪು ಕಾಕಟೂ ಗಿಳಿ ಹನ್ನೊಂದು, ಬಹಳ ಮೆಲ್ಲಗೆ ರೆಕ್ಕೆ ಬಡಿಯುತ್ತ, ಎಣ್ಣೆ ಕಾಣದ ಗೇಟಿನ ಹಾಗೆ ಕಿರುಚುತ್ತ ಬೆಟ್ಟದ ಕಡೆ ಹೋದವು. ಕೊನೆಯದು ಹಿಂದೆ ಬಿದ್ದಿತ್ತು. ಮುಂದಿನವು ಅದಕ್ಕಾಗಿ ಒಂದು ಸುತ್ತು ಹಾಕಿ ಕಾದವು.

ನೀರುಕೋಳಿ ಐದು, ಒಂದರ ಹಿಂದೆ ಒಂದು ಓಡಿದವು, ಎಲ್ಲಿಗೆ ಅಂತ ಅವಕ್ಕೂ ಗೊತ್ತಿದ್ದಂತಿರಲಿಲ್ಲ. ಹತ್ತಕ್ಕೆ ಹದ್ದು ಎರಡು, ಎಷ್ಟು ಮೇಲೆ ಅಂದರೆ ಕಣ್ಣಲ್ಲಿ ನೀರು ಬಂತು. ರಾಬಿನ್ ಒಂದು ನನ್ನ ಬೂಟಿನ ತುದಿಯ ಮೇಲೆ ಕೂತು ಹೋಯಿತು. ಉಸಿರಾಡಲಿಲ್ಲ ನಾನು.

ಮಧ್ಯಾಹ್ನ ರೊಟ್ಟಿ, ತಣ್ಣನೆಯ ಮಾಂಸ. ಕರವಾಂಗ್ ಒಂದು ಬಂದು ಹಳದಿ ಕಣ್ಣಿನಿಂದ ನನ್ನನ್ನು ಅಳೆದು, ತೊಡೆಯ ಮೇಲಿದ್ದ ರೊಟ್ಟಿಯ ಅಂಚನ್ನು ಎತ್ತಿಕೊಂಡು ಹೋಯಿತು. ಕಾಗೆಯ ಗಾತ್ರ, ಅದಕ್ಕಿಂತ ಹೆಚ್ಚು ಸೊಕ್ಕು. ಬೈಯಬೇಕು ಅನ್ನಿಸಿತು. ಆದರೆ ಸದ್ದು ಮಾಡುವ ಹಾಗಿರಲಿಲ್ಲವಲ್ಲ.

ಆಮೇಲೆ ಏನಾಯಿತೋ ಸರಿಯಾಗಿ ಗೊತ್ತಿಲ್ಲ. ಬಿಸಿಲು ಮೊಣಕಾಲಿನ ಮೇಲಿತ್ತು. ಅಪ್ಪ ಹುಲ್ಲಿನ ಮೇಲೆ ಕಲ್ಲು ಹೊತ್ತುಕೊಂಡು ಬರುತ್ತಿದ್ದ, ನನ್ನ ಕೈಗೆ ಕೊಡಲಿಲ್ಲ, ಪಕ್ಕದಲ್ಲಿ ಇಟ್ಟು ಅದರ ಮೇಲೆ ಕೂತ. ಟೋಪಿ ತೆಗೆದ. ಇಬ್ಬರೂ ಮೋರಿಯ ಬಾಯಿ ನೋಡುತ್ತ ಕೂತೆವು. ಅವನು ಏನೋ ಹೇಳುತ್ತಾನೆ ಅಂತ ಕಾಯುತ್ತಿದ್ದೆ. ಕರ ಕರ ಅಂತ ಸದ್ದು. ಕಣ್ಣು ಬಿಟ್ಟರೆ ಹತ್ತು ಅಡಿ ದೂರದಲ್ಲಿ ದೊರೆಸಾನಿ ಹುಲ್ಲು ಕತ್ತರಿಸುತ್ತಿದ್ದಳು.

ಗಾಳಿ ನನ್ನ ಮುಖಕ್ಕೆ ಬೀಸುತ್ತಿತ್ತು. ಎದ್ದೆ. ಏಳುವುದಕ್ಕೇ ಅರ್ಧ ಗಂಟೆ ಹಿಡಿದಿರಬೇಕು, ಮಂಡಿ ಲಟಕ್ ಅಂದಾಗ ನಿಂತೆ, ಅವಳೂ ನಿಂತಳು, ಮತ್ತೆ ತಲೆ ತಗ್ಗಿಸಿದಳು. ಸೌಟಿಗೆ ಔಷಧಿ ತುಂಬಿ ಕೋಲು ಚಾಚಿದೆ. ಸೌಟು ನಡುಗಿ ಒಂದಿಷ್ಟು ನೆಲಕ್ಕೆ ಬಿತ್ತು. ಉಳಿದದ್ದನ್ನು ಭುಜದಿಂದ ಬಾಲದವರೆಗೆ, ಒಡೆದ ಚರ್ಮದ ಮೇಲೆ ಉದ್ದಕ್ಕೆ ಸುರಿದೆ. ತಣ್ಣಗೆ ತಾಗಿರಬೇಕು, ಮೈ ಒಂದು ಸಲ ಅದುರಿತು. ಓಡಲಿಲ್ಲ. ತಲೆ ಎತ್ತಿ ನನ್ನ ಕಡೆಗೆ ತಿರುಗಿಸಿದಳು, ಆ ಕಣ್ಣಿಗೆ ಏನು ಕಂಡಿತೋ, ಏನೂ ಇಲ್ಲವೋ. ಅವಳ ಉಸಿರಿನ ಹೊಗೆ ಕಾಣುತ್ತಿತ್ತು. ಮತ್ತೆ ಹುಲ್ಲಿಗೆ ಬಾಯಿ ಹಾಕಿದಳು.

ನಾನು ಅತ್ತೆ. ಗೋಣಿಚೀಲದ ಮೇಲೆ ಕೂತು, ಬಾಯಿಗೆ ಟೋಪಿ ಒತ್ತಿಕೊಂಡು, ಸದ್ದಾಗದ ಹಾಗೆ. ಬರೆದದ್ದು ಬರೆದದ್ದೇ, ಹೊಡೆದುಹಾಕುವುದಿಲ್ಲ.

ನಾಲ್ಕೂವರೆಗೆ ಅವಳು ಒಳಗೆ ಹೋದಳು. ಆರಕ್ಕೆ ಫೋನು ಬಂದಾಗ ಬೆಳಗಿನಿಂದ ಎಲ್ಲವನ್ನೂ ಓದಿದೆ. ಓದುತ್ತ ಓದುತ್ತ ಸೌಟಿನ ಹತ್ತಿರ ಬಂದುಬಿಟ್ಟೆ.

“ನನ್ನ ಸೌಟಾ?” ಅಂದಳು.

“ಹೇಝಲ್, ನಾನೊಂದು ಹೇಳ್ಬೇಕು. ಇವತ್ತಿಂದು ನಾಲ್ಕನೇದಲ್ಲ, ಮೊದಲನೇದು. ಮೂರು ವಾರ ಆ ಬಿಲದಿಂದ ಬಂದಿದ್ದು ಬೇರೆ ವೊಂಬ್ಯಾಟು. ನಾನು ಬಾಗಿಲು ಎಣಿಸ್ತಾ ಇದ್ದೆ. ಯಾರು ದಾಟಿದ್ರು ಅಂತ ನೋಡ್ಲಿಲ್ಲ. ಬೈಯಿ, ಆದ್ರೆ ಬರಬೇಡ. ಅವಳಿನ್ನೂ ಬದುಕಿದಾಳೆ. ಇವತ್ತು ನನ್ನ ಕೈಯಾರೆ ಹಾಕಿದೀನಿ.”

ಆ ಕಡೆ ಹಾಸಿಗೆ ಕಿರುಗುಟ್ಟಿತು. ಅವಳು ಕೂತಿರಬೇಕು.

“ಲಿಂಡ್,” ಅಂದಳು. ಧ್ವನಿ ಹದಿನೆಂಟರ ಹುಡುಗಿಯ ಹಾಗಿತ್ತು. “ನಾನೂ ಬಾಗಿಲು ದಾಟಿದ್ದಷ್ಟೆ ಕಣೋ.”

“ಏನು?”

“ಹೋದ ಮಂಗಳವಾರ ಹೋದೆ, ರಕ್ತ ಕಡಿಮೆ ಇದೆ ಅಂತ ವಾಪಸ್ ಕಳಿಸಿದ್ರು. ಇವತ್ತೂ ಹೋದೆ, ಇವತ್ತೂ ಕಳಿಸಿದ್ರು. ಹೋಗಿ ಬಂದೆ ಅಂತ ನಿಂಗೆ ಹೇಳ್ದೆ. ನಂದು ತಪ್ಪಿತು ಅಂದ್ರೆ ನೀನು ಅದರದ್ದು ಬಿಟ್ಬಿಡ್ತೀಯ ಅಂತ. ಬ್ಯಾಗ್ ಕಟ್ಟಿ ಹಾಸಿಗೆ ಮೇಲಿಟ್ಟಿದೀನಿ. ನಾಳೆ ಬಸ್ಸಿಗೆ ಬರೋಣ ಅಂತಿದ್ದೆ.”

ಒಲೆಯಲ್ಲಿ ಸೌದೆ ಕುಸಿಯಿತು.

“ಬ್ಯಾಗ್ ಬಿಚ್ಚು,” ಅಂದೆ.

“ನಾಳೆ ನೋಡೋಣ.”

“ಈಗ ಬಿಚ್ಚು. ನಾನು ಫೋನ್ ಹಿಡ್ಕೊಂಡಿರ್ತೀನಿ. ಝಿಪ್ಪಿನ ಸದ್ದು ಕೇಳ್ಬೇಕು ನಂಗೆ.”

“ನಿಂಗೆಲ್ಲಿಂದ ಬಂತೋ ಇಷ್ಟು ಸೊಕ್ಕು!”

“ಕರವಾಂಗ್ ಕಲಿಸಿಕೊಡ್ತು.”

ಅವಳು ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಝಿಪ್ಪಿನ ಸದ್ದು ಮಾತ್ರ ಕೇಳಿಸಿತು, ಈ ತುದಿಯಿಂದ ಆ ತುದಿಯವರೆಗೆ.

ಮೇ 23, ಶುಕ್ರವಾರ

ಮಳೆ. ಟಿಟ್ಟಿಭ ಎರಡು. ದೊರೆಸಾನಿ ಒಂದು ಗಂಟೆ ಮೇಯ್ದಳು, ಎರಡು ಸಲ ಮಾತ್ರ ಕೆರೆದುಕೊಂಡಳು. ಭಾನುವಾರ ಏಳು ಸಲ.

ಹೇಝಲ್ ಕುರಿಯ ಪಿತ್ತಜನಕಾಂಗ ತಿನ್ನುತ್ತಿದ್ದಾಳಂತೆ, ರಕ್ತಕ್ಕೆ. ಚಿಕ್ಕಂದಿನಿಂದ ಅವಳಿಗೆ ಅದು ಆಗದು.

ಮೇ 26, ಸೋಮವಾರ

ದೊರೆಸಾನಿಗೆ ಎರಡನೆಯದನ್ನು ಒಂದು ದಿನ ಮೊದಲೇ ಹಾಕಿದೆ. ಪರವಾಗಿಲ್ಲ ಅಂದಳು ಗ್ವೆನ್. ನಾಳೆ ಕುರಿಗಳನ್ನೂ ಮ್ಯಾಗ್‌ಳನ್ನೂ ಅವಳೇ ನೋಡಿಕೊಳ್ಳುತ್ತಾಳೆ. ಬೂಟು ಒರೆಸಿದ್ದೇನೆ. ಒಂಬತ್ತು ವರ್ಷವಾಯಿತು ನಾನು ಹೋಬಾರ್ಟಿಗೆ ಹೋಗಿ. ನೋಟ್‌ಪುಸ್ತಕದ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡಿದ್ದೇನೆ.

ಬೇಲಿ ಬಿದ್ದಿರುವಲ್ಲಿ ಬಿದ್ದೇ ಇದೆ.

ಮೇ 27, ಮಂಗಳವಾರ, ಹೋಬಾರ್ಟ್

ಹೆಬ್ಬಾಗಿಲಲ್ಲಿ ಅವಳನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ತಲೆಗೆ ಉಣ್ಣೆಯ ಟೋಪಿ, ಹುಬ್ಬು ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಬೂಟು ಒರೆಸಿದೀಯ! ಯಾರೋ ಸತ್ತಿರಬೇಕು.”

“ಇನ್ನೂ ಇಲ್ಲ,” ಅಂದೆ.

ಬೆಳಿಗ್ಗೆ ರಕ್ತ ತೆಗೆದರು. ಹನ್ನೊಂದರವರೆಗೆ ಕಾದೆವು.

“ವಾಪಸ್ ಕಳಿಸಿದ್ರೆ?” ಅಂದಳು.

“ಮುಂದಿನ ಮಂಗಳವಾರ ಮತ್ತೆ ಬರ್ತೀನಿ. ಕೂರೋದು ಈಗ ಅಭ್ಯಾಸ ಆಗಿದೆ.”

ಅವಳು ನನ್ನ ಕೈ ಹಿಡಿದುಕೊಂಡಳು. ಚಿಕ್ಕಂದಿನಲ್ಲಿ ಹಳ್ಳ ದಾಟುವಾಗ ಬಿಟ್ಟರೆ ಹಿಡಿದ ನೆನಪಿಲ್ಲ. ಆಗ ಎಳೆಯುತ್ತಿದ್ದಳು, ಈಗ ಎಳೆಯಲಿಲ್ಲ. ಕಿತ್ತುಹೋಗಿದ್ದ ಉಗುರು ಈಗಲೂ ಸೊಟ್ಟಗೇ ಇದೆ, ಹೆಬ್ಬೆರಳಿನದು. ಕಲ್ಲಿಟ್ಟು ಮುಚ್ಚಿದ್ದು ತಪ್ಪಾಯಿತು ಅಂದೆ. ಯಾವ ಕಲ್ಲು ಅಂತ ಅವಳು ಕೇಳಲಿಲ್ಲ.

ದಾದಿ ಬಂದು ನಕ್ಕಳು. “ಇವತ್ತು ರಕ್ತ ಸಾಕಷ್ಟಿದೆ. ಶುರು ಮಾಡೋಣ್ವಾ?”

ಈಗ ಅವಳ ಕುರ್ಚಿಯ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಹೇಝಲ್‌ಗೆ ಜೋಂಪು ಹತ್ತಿದೆ. ಬಿಸ್ಕತ್ತು ನಿಜಕ್ಕೂ ಚೆನ್ನಾಗಿಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದಳು, “ಇವತ್ತಿಂದು ಬರೆದ್ಯಾ?”

ನೋಟ್‌ಪುಸ್ತಕ ತೆಗೆದು ಬರೆದು ಅವಳಿಗೆ ಓದಿದೆ:

ಕಿಟಕಿಯ ಹೊರಗೆ ಕಡಲಹಕ್ಕಿ ಎರಡು. ಒಳಗೆ ಹೇಝಲ್, ಒಬ್ಬಳು. ಔಷಧಿ ಹನಿ ಹನಿಯಾಗಿ ಬೀಳುತ್ತಿದೆ. ಕಣ್ಣಾರೆ ಕಂಡೆ.